ಅತ್ತೆಯ ಮಣೆಯ ಮೇಲೆ ಚಂದ್ರನ ಗುಮ್ಮಟ

ಚಂದ್ರನ ಮೇಲಿನ ಜ್ವಾಲಾಮುಖಿಯನ್ನು ಮನೆಯಲ್ಲೇ ತಯಾರಿಸುವುದು ಅಂಥ ದೊಡ್ಡ ಕೆಲಸವೇನಲ್ಲ ಎಂದು ನಾನು ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ವಾರದಲ್ಲಿ, ಬೆಳಗಿನ ಚಹಾದ ಹೊತ್ತಿಗೆ, ಹೆಂಡತಿಯ ಎದುರು ಘೋಷಿಸಿದೆ. ಹಾಗೆ ಘೋಷಿಸಲು ನನಗೆ ಅರ್ಹತೆ ಇತ್ತು. ಮೂವತ್ತೆರಡು ವರ್ಷ ಗುಮಾಸ್ತನಾಗಿ ದುಡಿದು ನಿವೃತ್ತನಾಗಿದ್ದೆ. ಸಾವಿರಾರು ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಯಾವ ಅಪಘಾತವೂ ಇಲ್ಲದೆ ದಾಟಿಸಿದವನಿಗೆ ಒಂದು ಗುಡ್ಡ ಮಾಡುವುದು ಯಾವ ಲೆಕ್ಕ! ಅದೂ ಅಲ್ಲದೆ, ಮೂರು ದಿನಗಳಿಂದ ಮೊಬೈಲಿನಲ್ಲಿ ಚಂದ್ರನ ಬಗ್ಗೆ ಓದುತ್ತಿದ್ದೆ. ನಾಲ್ಕನೇ ದಿನಕ್ಕೆ ಓದಲು ಏನೂ ಉಳಿದಿಲ್ಲ ಎನ್ನಿಸಿತ್ತು.

ನನ್ನ ಹೆಂಡತಿ ಸುವರ್ಣಾ ಬಬಲೇಶ್ವರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ. ಅಥಣಿ ರಸ್ತೆಯ ನಮ್ಮ ಲೇಔಟಿನಿಂದ ದಿನಾ ಬಸ್ಸು ಹಿಡಿದು ಹೋಗುತ್ತಾಳೆ. ಪ್ರತಿವರ್ಷ ಶಿಕ್ಷಕರಿಗಾಗಿ ಕಲಿಕೋಪಕರಣಗಳ ಪ್ರದರ್ಶನವೊಂದು ನಡೆಯುತ್ತದೆ. ಅದರಲ್ಲಿ ಸುವರ್ಣಾಳಿಗೆ ಮೂರು ಸಲ ಎರಡನೇ ಬಹುಮಾನ ಬಂದಿದೆ. ಎರಡನೇ ಬಹುಮಾನ ಎಂದರೆ ಒಂದು ಸ್ಟೀಲಿನ ಡಬ್ಬಿ. ನಮ್ಮ ಅಡುಗೆಮನೆಯಲ್ಲಿ ತೊಗರಿಬೇಳೆ, ಶೇಂಗಾ ಮತ್ತು ಸಕ್ಕರೆ ಈ ಮೂರೂ ಎರಡನೇ ಬಹುಮಾನದೊಳಗೇ ಇವೆ. ಮೊದಲನೇ ಬಹುಮಾನ ಬಂದವರು ಜಿಲ್ಲಾ ಮಟ್ಟಕ್ಕೆ ಹೋಗುತ್ತಾರೆ, ವಿಜಯಪುರದಲ್ಲಿ ದೊಡ್ಡ ವೇದಿಕೆಯ ಮೇಲೆ ನಿಂತು ಪಾಠ ಮಾಡುತ್ತಾರೆ. ಅದೊಂದು ಆಸೆ ಅವಳಲ್ಲಿ ಉಳಿದುಬಿಟ್ಟಿತ್ತು. ಬರುವ ಬೇಸಿಗೆಗೆ ಅವಳ ನಿವೃತ್ತಿ. ಅಂದರೆ ಇದೇ ಕೊನೆಯ ಪ್ರದರ್ಶನ.

ವಿಷಯ ಅವಳದೇ ಆಯ್ಕೆ. ಚಂದ್ರನ ಮುಖದ ಮೇಲೆ ನಾವು ಮೊಲ ಎಂದು ತೋರಿಸುವ ಕಪ್ಪು ಕಲೆ ಇದೆಯಲ್ಲ, ಅದು ತಣ್ಣಗಾದ ಲಾವಾ. ತೆಳುವಾದ ಲಾವಾ ತಗ್ಗುಗಳಿಗೆಲ್ಲ ಹರಿದು, ತುಂಬಿ, ಸಪಾಟಾಗಿ ಗಟ್ಟಿಯಾಯಿತು. ನಮ್ಮ ವಿಜಯಪುರದ ಕರಿಕಲ್ಲೂ ಅದೇ ಜಾತಿಯದು. ನಾವೂ ಲಾವಾದ ಮೇಲೆಯೇ ಮನೆ ಕಟ್ಟಿಕೊಂಡು ಕೂತಿದ್ದೇವೆ. ಆದರೆ ಚಂದ್ರನಲ್ಲಿ ‘ಬಿರುಗಾಳಿಗಳ ಸಾಗರ’ ಎಂಬ ಒಂದು ಕಪ್ಪು ಬಯಲಿದೆ. ಹೆಸರಿಗೆ ಸಾಗರ, ಒಳಗೆ ಹನಿ ನೀರಿಲ್ಲ. ಅದರ ಅಂಚಿನಲ್ಲಿ ಎರಡು ದೊಡ್ಡ ಗುಮ್ಮಟಗಳು ಅಕ್ಕಪಕ್ಕ ಕೂತಿವೆ. ಅವುಗಳಿಗೆ ಯಾರೋ ಜರ್ಮನ್ ಪಂಡಿತನ ಹೆಸರಿಟ್ಟಿದ್ದಾರೆ. ಎರಡು ದಿನ ಬಾಯಿ ತಿರುಗಿಸಿದರೂ ಆ ಹೆಸರು ನನಗೆ ಬರಲಿಲ್ಲ, ದವಡೆ ಮಾತ್ರ ನೋಯಿತು. ಈ ಗುಮ್ಮಟಗಳ ಲಾವಾ ಹರಿಯಲಿಲ್ಲ, ಇದ್ದಲ್ಲೇ ಉಬ್ಬಿ ಕೂತಿತು. ಯಾಕೆಂದರೆ ಅದು ಬಲು ಮಂದ, ಅದರಲ್ಲಿ ಸಿಲಿಕಾ ಹೆಚ್ಚು. ಭೂಮಿಯ ಮೇಲೆ ಅಂಥ ಮಂದ ಲಾವಾ ಹುಟ್ಟಬೇಕಾದರೆ ಸಾಮಾನ್ಯವಾಗಿ ನೆಲದ ಆಳದಲ್ಲಿ ನೀರು ಬೇಕು, ಒಂದರ ಕೆಳಗೊಂದು ಜಾರುವ ಭೂಫಲಕಗಳು ಬೇಕು. ಚಂದ್ರನಲ್ಲಿ ಆ ಫಲಕಗಳಿಲ್ಲ, ನೀರಂತೂ ಇದ್ದೂ ಇಲ್ಲದಂತೆ. ಮತ್ತೆ ಆ ಗುಮ್ಮಟಗಳು ಹೇಗೆ ಬಂದವು? ಇದನ್ನು ಮಕ್ಕಳ ಮುಂದೆ ಇಡಬೇಕು ಎಂಬುದು ಸುವರ್ಣಾಳ ಇಚ್ಛೆ.

“ರಟ್ಟಿನ್ಯಾಗ ನಾನs ಮಾಡ್ಕೋತೀನ್ರಿ,” ಎಂದಳು.

“ರಟ್ಟಿನ ಚಂದ್ರಗ ಡಬ್ಬೀನs ಗತಿ,” ಎಂದೆ. “ನೀ ಸಾಲಿ ಕೆಲಸಾ ನೋಡಿಕೋ. ಇದನ್ನ ನನಗ ಬಿಡು.”

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಮೂವತ್ತು ವರ್ಷಗಳಲ್ಲಿ ನಾನು ‘ನನಗ ಬಿಡು’ ಎಂದ ಮಿಕ್ಸರು, ಇಸ್ತ್ರಿಪೆಟ್ಟಿಗೆ ಮತ್ತು ನಲ್ಲಿಗಳೆಲ್ಲ ಅವಳ ಕಣ್ಣ ಮುಂದೆ ಮೆರವಣಿಗೆ ಹೋದವು ಎಂದು ಕಾಣುತ್ತದೆ. ಆದರೆ ಶಾಲೆ ಶುರುವಾದ ಗಡಿಬಿಡಿ, ಪ್ರವೇಶದ ಅರ್ಜಿ, ಪುಸ್ತಕ ಹಂಚಿಕೆ. ಪಾಪ, ಒಪ್ಪಿಕೊಂಡಳು.

ಮೊದಲ ಪ್ರಯತ್ನ ಪ್ಲಾಸ್ಟರಿನದು. ಬಿಳಿ ಪುಡಿಗೆ ನೀರು ಹಾಕಿ ಕಲಸಬೇಕು, ಬೇಗ ಗಟ್ಟಿಯಾಗುತ್ತದೆ ಎಂದು ಚೀಲದ ಮೇಲೆ ಬರೆದಿತ್ತು. ‘ಬೇಗ’ ಎಂದರೆ ಸರ್ಕಾರಿ ಕಚೇರಿಯ ಬೇಗ ಎಂದು ತಿಳಿದೆ. ಚಹಾ ಕುಡಿದು ಬರುವಷ್ಟರಲ್ಲಿ ಬಕೀಟು, ಪ್ಲಾಸ್ಟರು ಮತ್ತು ನಾನು ತಿರುವಲು ಇಟ್ಟಿದ್ದ ಸಾರಿನ ಸೌಟು ಮೂರೂ ಸೇರಿ ಒಂದೇ ವಸ್ತುವಾಗಿದ್ದವು. ಸೌಟಿನ ಹಿಡಿಕೆ ಮಾತ್ರ ಧ್ವಜಸ್ತಂಭದಂತೆ ನೆಟ್ಟಗೆ ನಿಂತಿತ್ತು. ಚಂದ್ರನ ಮೇಲೆ ಧ್ವಜ ನೆಟ್ಟಾಯಿತು, ಗುಮ್ಮಟ ಮಾತ್ರ ಬಾಕಿ!

ಎರಡನೆಯದು ಥರ್ಮಾಕೋಲು. ಅದನ್ನು ಕೊರೆದು ಎರಡು ಚೆಂದದ ಗುಮ್ಮಟ ಮಾಡಿದೆ. ನಿಜವಾಗಿಯೂ ಚೆಂದ. ಅದಕ್ಕೆ ಕಿಟಕಿಗೆ ತಂದು ಉಳಿದಿದ್ದ ಎಣ್ಣೆಬಣ್ಣವನ್ನು ಬಳಿದೆ. ಬಣ್ಣ ತಾಗಿದ್ದೇ ತಡ, ಥರ್ಮಾಕೋಲು ಚುಂಯ್ ಎಂದು ಕರಗತೊಡಗಿತು. ನೋಡುನೋಡುತ್ತಿದ್ದಂತೆ ಎರಡು ಗುಮ್ಮಟಗಳು ಎರಡು ಗುಂಡಿಗಳಾದವು.

ಪಕ್ಕದ ಮನೆಯ ಕಾಶೀಬಾಯಿ ಕಂಪೌಂಡಿನಾಚೆ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಅರವತ್ತೈದರ ಹೆಂಗಸು. ನಮ್ಮ ಓಣಿಯಲ್ಲಿ ಯಾವ ಹಬ್ಬ ಎಂದು, ಯಾವ ಮನೆಯಲ್ಲಿ ಏನು ಅಡುಗೆ ಎಂಬುದೆಲ್ಲ ಅವರಿಗೆ ಬಾಯಿಪಾಠ.

“ಏನ್ ಮಾಡಾಕತ್ತೀರಿ ಅಣ್ಣಾರ?”

“ಚಂದ್ರನ ಮ್ಯಾಲಿನ ಗುಮ್ಮಟ.”

“ಅಯ್ಯ, ಗುಮ್ಮಟಾ ನೋಡಾಕ ಅಲ್ಲೀತನಾ ಯಾಕ ಹೋಗ್ತೀರಿ? ನಮ್ಮೂರಾಗ ಅಷ್ಟ್ ದೊಡ್ಡದು ನಿಂತೇತಲ್ರಿ!”

ಅಜ್ಞಾನವನ್ನು ಹಾಗೇ ಬಿಡಬಾರದೆಂದು ನಾನು ಅವರಿಗೆ ಸವಿಸ್ತಾರವಾಗಿ ವಿವರಿಸಿದೆ. ತೆಳು ಲಾವಾ, ಮಂದ ಲಾವಾ, ಸಿಲಿಕಾ, ಸ್ನಿಗ್ಧತೆ, ಭೂಫಲಕ. ಕಾಲು ಗಂಟೆ ಹಿಡಿಯಿತು. ಅವರು ಸೊಪ್ಪು ಸೋಸುತ್ತಲೇ ಕೇಳಿದರು.

“ಅಂದ್ರ, ಒಂದು ಅಂಬಲಿ, ಒಂದು ಝುಣಕ,” ಎಂದರು.

“ಏನು?”

“ಹಿಟ್ಟು ಕಡಿಮಿ ಆದ್ರ ಅಂಬಲಿ, ಗಂಗಾಳದ ತುಂಬ ಹರೀತೈತಿ. ಹಿಟ್ಟು ಜಗ್ಗಿ ಆದ್ರ ಝುಣಕ, ಇಟ್ಟಲ್ಲೇ ಗುಡ್ಡಿ ಆಗಿ ಕುಂಡರತೈತಿ. ಇಷ್ಟಲ್ಲೇನ್ರಿ?”

ನಾನು ನಕ್ಕೆ. ಪಂಡಿತರು ನಗುವ ಹಾಗೆ, ಮೂಗಿನಿಂದ. “ಇದು ವಿಜ್ಞಾನರೀ ಕಾಶೀಬಾಯಾರ, ಅಡಗಿ ಅಲ್ಲ,” ಎಂದೆ. ಆ ನಗು ಮುಂದೆ ನನಗೆ ಬಹಳ ದುಬಾರಿಯಾಯಿತು.

ಪ್ರದರ್ಶನ ಬುಧವಾರ, ತಿಕೋಟಾದಲ್ಲಿ. ಸೋಮವಾರ ಬೆಳಗ್ಗೆ ನನಗೆ ಜ್ಞಾನೋದಯವಾಯಿತು. ಮಣ್ಣು! ಲಾವಾ ಸವೆದು ಆದ ಎರೆಮಣ್ಣು ಇರುವಾಗ ಪ್ಲಾಸ್ಟರು ಯಾಕೆ, ಥರ್ಮಾಕೋಲು ಯಾಕೆ? ನಿಡೋಣಿಯಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಹೊಲವಿದೆ. ಅಲ್ಲಿಗೆ ಹೋಗಿ, ಅರ್ಧ ಚೀಲ ಜಿಗುಟು ಮಣ್ಣು ತುಂಬಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಚೀಲವನ್ನೂ ನನ್ನನ್ನೂ ನೋಡಿದ.

“ಗುಳ್ಳವ್ವಗೇನ್ರಿ ಯಜಮಾನ್ರ?”

“ಅಲ್ಲಪ್ಪಾ. ಚಂದ್ರಗ.”

ಅವನು ಟಿಕೆಟು ಹರಿದು ಕೊಟ್ಟು ಮುಂದಕ್ಕೆ ಹೋದ. ಇಳಿಯುವಾಗ ಮಾತ್ರ, “ಸಾವಕಾಶ ಇಳೀರಿ,” ಎಂದು ನನ್ನ ರಟ್ಟೆ ಹಿಡಿದು ಇಳಿಸಿದ. ಅವನ ದನಿಯಲ್ಲಿದ್ದ ಕರುಣೆಯನ್ನು ನಾನು ಗೌರವ ಎಂದು ತಿಳಿದುಕೊಂಡೆ.

ಗುಳ್ಳವ್ವನ ವಿಷಯ ತಿಳಿಯದವರಿಗೆ ಹೇಳಬೇಕು. ನಮ್ಮ ಕಡೆ ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಎರೆಮಣ್ಣಿನಿಂದ ಗೋಪುರದಂತೆ ಗುಳ್ಳವ್ವನನ್ನು ಮಾಡುತ್ತಾರೆ. ಮೈಗೆಲ್ಲ ಬಿಳಿ ಕುಸುಬಿ ಕಾಳು ಚುಚ್ಚಿ ಸಿಂಗರಿಸಿ, ಪೂಜೆ ಮಾಡಿ, ಬುತ್ತಿ ಕಟ್ಟಿಕೊಂಡು ಊರಾಚೆ ಒಯ್ದು ಬಿಟ್ಟು ಬರುತ್ತಾರೆ. ಮಳೆಗೆ ಗುಳ್ಳವ್ವ ಕರಗಿ ಮತ್ತೆ ಮಣ್ಣಾಗುತ್ತಾಳೆ. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಆ ವಾರ ನಾನು ಚಂದ್ರನಲ್ಲಿದ್ದೆ. ಅಲ್ಲಿ ಆಷಾಢವಿಲ್ಲ!

ಮಧ್ಯಾಹ್ನ ಮಣ್ಣು ಕಲಸಿದೆ. ಒಣಗಿದಾಗ ಬಿರುಕು ಬಿಡಬಾರದೆಂದು, ನೀರಿನ ತೊಟ್ಟಿ ದುರಸ್ತಿಗೆ ತಂದು ಉಳಿದಿದ್ದ ಸಿಮೆಂಟನ್ನು ಧಾರಾಳವಾಗಿ ಸೇರಿಸಿದೆ. ಇದನ್ನು ಯಾರಿಗೂ ಹೇಳಲಿಲ್ಲ. ವಿಜ್ಞಾನಿಗೆ ಒಂದೆರಡು ಗುಟ್ಟು ಇರಬೇಕು. ಆಧಾರಕ್ಕೆ ಅಗಲವಾದ ಹಲಗೆ ಬೇಕಿತ್ತು. ದೇವರ ಕೋಣೆಯ ಪಕ್ಕದಲ್ಲಿ ಒರಗಿಸಿಟ್ಟಿದ್ದ ಸಾಗುವಾನಿ ಮಣೆ ಕಣ್ಣಿಗೆ ಬಿತ್ತು. ನಮ್ಮ ಮದುವೆಯಲ್ಲಿ ಅತ್ತೆ ಕೊಟ್ಟದ್ದು, ಹಿತ್ತಾಳೆ ಹೂವು ಕೂರಿಸಿದ್ದು. ನಾನು ದಿನಾ ಊಟಕ್ಕೆ ಕೂರುವುದು ಅದರ ಮೇಲೆಯೇ. ಒಂದು ದಿನಕ್ಕೆ ತಾನೇ ಎಂದು ತೆಗೆದುಕೊಂಡೆ.

ಎರಡು ಗುಮ್ಮಟ ಎದ್ದವು. ಒಂದು ಸ್ವಲ್ಪ ಎತ್ತರ, ಇನ್ನೊಂದು ಸ್ವಲ್ಪ ಗಿಡ್ಡ. ಸುತ್ತ ಸಪಾಟಾದ ಸಾಗರ. ಅದರಲ್ಲಿ ಹಾವಿನಂತೆ ಡೊಂಕಾದ ಒಂದು ಕಾಲುವೆ. ಚಂದ್ರನಲ್ಲಿ ಹಿಂದೆ ಲಾವಾ ಹರಿದ ಹಾದಿಗಳು ಹಾಗೇ ಇವೆ. ಒಂದು ಕಡೆ ನಮ್ಮೂರ ಬಾವಡಿ ಬಾವಿಗಳಂಥ ಆಳ ಗುಂಡಿ. ನೆಲದಡಿಯ ಲಾವಾ ಸುರಂಗದ ಚಾವಣಿ ಕುಸಿದರೆ ಆಗುವಂಥದು. ಎಲ್ಲ ಆಯಿತು, ಬಂಡೆಗಲ್ಲುಗಳು ಉಳಿದವು. ಗುಮ್ಮಟದ ಇಳಿಜಾರಿನಲ್ಲಿ ಬಿಳಿ ಬಂಡೆಗಳು ಬೇಕಲ್ಲ! ಅಡುಗೆಮನೆಯಲ್ಲಿ ಹುಡುಕಿದೆ. ಬೆಳ್ಳಗೆ ಹೊಳೆಯುವ, ಒಂದೇ ಅಳತೆಯ, ಬಲು ಸೊಗಸಾದ ಕಾಳು ಸಿಕ್ಕಿತು.

ಕುಸುಬಿ!

ಒಂದೊಂದಾಗಿ ಸಾಲಾಗಿ ಚುಚ್ಚಿದೆ. ಸಾಲಾಗಿ ಯಾಕೆ ಚುಚ್ಚಿದೆ ಎಂದು ನನ್ನನ್ನು ಕೇಳಬೇಡಿ. ಕೈ ತಾನಾಗಿ ಹಾಗೆ ಹೋಯಿತು. ಚಿಕ್ಕಂದಿನಲ್ಲಿ ಅಕ್ಕಂದಿರ ಪಕ್ಕ ಕೂತು ನೋಡಿದ್ದು ಕೈಗೆ ನೆನಪಿತ್ತು, ತಲೆಗೆ ಇರಲಿಲ್ಲ.

ಸಂಜೆ ಸುವರ್ಣಾ ಬಂದಳು. ಹಾಲ್‌ನಲ್ಲಿಟ್ಟ ಮಾದರಿಯನ್ನು ನೋಡಿ ಚಪ್ಪಲಿಯನ್ನೂ ಕಳಚದೆ ನಿಂತುಬಿಟ್ಟಳು. ಬಗ್ಗಿ, ಬೆರಳಿನಿಂದ ಗುಮ್ಮಟದ ಬೆನ್ನು ಸವರಿದಳು.

“ಚೆಂದ ಆಗೇತ್ರಿ,” ಎಂದಳು. ಆಮೇಲೆ, ತಡೆದು, “ಈ ಸಲ ಆಗಬಹುದು, ಅಲ್ಲಾ?”

ಅವಳು ಹಾಗೆ ಕೇಳಿದ್ದು ನನಗೆ ನಿವೃತ್ತಿಯ ದಿನ ಹಾಕಿದ ಶಾಲಿಗಿಂತ ದೊಡ್ಡದಾಗಿ ಕಂಡಿತು. “ಆಗಬಹುದೇನು, ಆತು!” ಎಂದೆ. ನಾಲ್ಕನೇ ಡಬ್ಬಿಯಲ್ಲಿ ಏನು ತುಂಬುವುದೆಂದು ಚಿಂತಿಸುವ ಅಗತ್ಯವೇ ಇಲ್ಲ ಎಂದೂ ಹೇಳಿದೆ.

ಮಂಗಳವಾರ ಬೆಳಗ್ಗೆ ಸುವರ್ಣಾ ಶಾಲೆಗೆ ಹೋದಳು. ಒಳಗೆ ಹಸಿ ಆರಲಿಲ್ಲವೆಂದು ನಾನು ಮಾದರಿಯನ್ನು ಮಣೆಸಮೇತ ಮನೆ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗಿಟ್ಟೆ. ಊಟ ಮಾಡಿ, ಮಾದರಿಯ ಪಕ್ಕ ಇಡಲೆಂದು ತಂದಿದ್ದ ಚಂದ್ರನ ಚಿತ್ರಪಟಕ್ಕೆ ಚೌಕಟ್ಟು ಹಾಕಿಸಲು ಪೇಟೆಗೆ ಹೋದೆ. ಮನೆಗೆ ಕೀಲಿ ಹಾಕಿದ್ದೆ. ಕಟ್ಟೆಗೆ ಯಾರು ಕೀಲಿ ಹಾಕುತ್ತಾರೆ?

ನಾಲ್ಕು ಗಂಟೆಗೆ ಬಂದರೆ ಕಟ್ಟೆ ಖಾಲಿ! ಚಂದ್ರನಿಲ್ಲ. ಸಾಗರವಿಲ್ಲ. ಅತ್ತೆಯ ಮಣೆ ಇಲ್ಲ. ಇದ್ದದ್ದು ನಾಲ್ಕು ಹನಿ ಅರಿಷಿಣದ ನೀರು, ಒಂದಿಷ್ಟು ಕುಂಕುಮ, ಎರಡು ಚೆಂಡುಹೂವಿನ ಪಕಳೆ. ಎದುರುಮನೆಯ ಮುದುಕ ಪೇಪರಿನಿಂದ ತಲೆ ಎತ್ತಿ, “ಹೆಣ್ಮಕ್ಕಳು ಎತಗೊಂಡು ಹೋದ್ರಲ್ರಿ, ಹಾಡಾ ಹಾಡಕೋತ,” ಎಂದು ಲೇಔಟಿನಾಚೆಯ ಹೊಲದ ಕಡೆ ಕೈ ತೋರಿಸಿದ.

ಓಡಿದೆ. ಅರವತ್ತೊಂದರ ವಯಸ್ಸಿನಲ್ಲಿ, ಬಗಲಲ್ಲಿ ಚೌಕಟ್ಟು ಹಾಕಿದ ಚಂದ್ರನನ್ನು ಹಿಡಿದು ಓಡಿದೆ. ಕೊನೆಯ ಸೈಟು ದಾಟಿದರೆ ಒಂದು ಬೇವಿನ ಮರ. ಅದರಡಿ ಹತ್ತು ಹದಿನೈದು ಹೆಂಗಸರು, ಹುಡುಗಿಯರು ಬುತ್ತಿ ಬಿಚ್ಚಿ ಕೂತಿದ್ದರು. ನಡುವೆ ನನ್ನ ಎರಡು ಗುಮ್ಮಟಗಳು. ಮೈತುಂಬ ಅರಿಷಿಣ, ನೆತ್ತಿಗೆ ಕುಂಕುಮ, ಕೊರಳಿಗೆ ಹೂವಿನ ಸರ. ಎತ್ತರದ ಗುಮ್ಮಟಕ್ಕೆ ಯಾರೋ ಒಂದು ಮೂಗುತಿಯನ್ನೂ ಇಟ್ಟಿದ್ದರು!

“ಬರ್ರಿ ಅಣ್ಣಾರ!” ಕಾಶೀಬಾಯಿ ಎದ್ದು ನಿಂತರು. ಅವರ ಮುಖದಲ್ಲಿ ಇಷ್ಟು ಮೆಚ್ಚುಗೆಯನ್ನು ನಾನೆಂದೂ ಕಂಡಿರಲಿಲ್ಲ. “ಏನ್ ಕೈರಿ ನಿಮ್ಮದು! ಅಕ್ಕೋರಿಗೆ ಸಾಲಿ ಗದ್ದಲ ಅಂತ ನೀವs ಕುಂತು ಗುಳ್ಳವ್ವನ್ನ ಮಾಡೀರಲ್ರಿ! ಅದೂ ಒಬ್ಬಾಕಿ ಅಲ್ಲ, ಅಕ್ಕ-ತಂಗಿ ಇಬ್ರೂ! ಯಾ ಗಂಡಸು ಮಾಡ್ತಾನ್ರಿ ಹಿಂಗ? ನಾವೆಲ್ಲಾ ನಮ್ಮ ಗುಳ್ಳವ್ವನ್ನ ಮಾಡೂದು ಬಿಟ್ಟು ಇದನ್ನs ಪೂಜಿ ಮಾಡಿದ್ವಿ.”

“ಕಾಶೀಬಾಯಾರ, ಅದು ಗುಳ್ಳವ್ವ ಅಲ್ರಿ! ಚಂದ್ರನ ಜ್ವಾಲಾಮುಖಿ!”

ಹಾಡು ನಿಂತಿತು. ಎಲ್ಲರೂ ಗುಮ್ಮಟವನ್ನೂ ನೋಡಿದರು, ನನ್ನನ್ನೂ ನೋಡಿದರು.

“ಕುಸುಬಿ ಚುಚ್ಚಿದವರು ಯಾರ್ರಿ?” ಕಾಶೀಬಾಯಿ ಕೇಳಿದರು.

“ನಾನs.”

“ಎರಿಮಣ್ಣು ತಂದವರು?”

“ನಾನs.”

“ಮಂಗಳವಾರ ಕಟ್ಟಿ ಮ್ಯಾಲ ಮಣಿ ಹಾಕಿ ಕುಂಡ್ರಿಸಿದವರು?”

ಯಾವ ನ್ಯಾಯಾಲಯದಲ್ಲೂ ನನಗೆ ಜಾಮೀನು ಸಿಗುವಂತಿರಲಿಲ್ಲ. ಕಡೆಗೆ, “ಒಯ್ತೀನ್ರಿ, ತೊಳಕೋತೀನಿ,” ಎಂದು ಮಣೆಗೆ ಕೈ ಹಾಕಿದೆ. ಒಬ್ಬ ಅಜ್ಜಿ ಕೂತಲ್ಲಿಂದಲೇ ಗದರಿದಳು: “ಏ ಯಪ್ಪಾ! ಪೂಜಿ ಆಗೇತಿ, ಬೀಳ್ಕೊಟ್ಟ ಮ್ಯಾಲ ಗುಳ್ಳವ್ವ ತಿರುಗಿ ಮನಿಗೆ ಬರಂಗಿಲ್ಲ. ಕೈ ತಗಿ!”

ತೆಗೆದೆ. ಆ ಕೈಯಲ್ಲಿ ಕಾಶೀಬಾಯಿ ಒಂದು ಕರಿಗಡಬು ಇಟ್ಟರು. ಏನು ಮಾಡಬೇಕೋ ತಿಳಿಯದೆ ತಿಂದೆ. ಬಹಳ ರುಚಿಯಾಗಿತ್ತು. ಇನ್ನೊಂದನ್ನೂ ತಿಂದೆ.

ಸಂಜೆ ಸುವರ್ಣಾಳಿಗೆ ಎಲ್ಲವನ್ನೂ ಹೇಳಿದೆ. ಕಡಬಿನ ವಿಷಯ ಬಿಟ್ಟು. ಅವಳು ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ. ಕುರ್ಚಿಯ ಮೇಲೆ ಕೂತು, ಖಾಲಿ ಕಟ್ಟೆಯನ್ನು ಕಿಟಕಿಯಿಂದ ನೋಡುತ್ತಾ, “ಇರಲಿ ಬಿಡ್ರಿ. ಕಡೀ ವರ್ಷ ಇತ್ತು, ಅಷ್ಟs,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ‘ಅಷ್ಟs’ ನನ್ನನ್ನು ಹಿಡಿದು ಅಲ್ಲಾಡಿಸಿತು. ಅವಳ ರಟ್ಟಿನ ಚಂದ್ರನಿಗೆ ನಾನು ಅಡ್ಡ ಬರದಿದ್ದರೆ ಕನಿಷ್ಠ ಒಂದು ಡಬ್ಬಿಯಾದರೂ ಬರುತ್ತಿತ್ತು.

ಅಷ್ಟರಲ್ಲಿ ಕಾಶೀಬಾಯಿ ಪ್ರಸಾದದ ತಾಟು ಹಿಡಿದು ಬಂದರು. ವಿಷಯ ಪೂರ್ತಿ ತಿಳಿದದ್ದೇ ಬಾಗಿಲಲ್ಲೇ ಕುಸಿದು ಕೂತರು. “ನನ್ನ ಕೈಲಿಂದ ಎಂಥಾ ತಪ್ಪಾತ್ರಿ ಅಕ್ಕೋರ! ಇವರು ಹೇಳಿದ್ರು ನನಗ, ತೆಳ್ಳಗಿಂದು ಹರೀತೈತಿ, ದಪ್ಪಂದು ಕುಂಡರತೈತಿ ಅಂತ. ಝುಣಕಾ-ಅಂಬಲೀ ಗತೆ ಅಂತ ನಾನೂ ಅಂದೆ. ಅದs ಇದು ಅಂತ ನನಗ ತಿಳೀಲಿಲ್ಲ ನೋಡ್ರಿ.”

ಸುವರ್ಣಾ ತಟ್ಟನೆ ತಿರುಗಿದಳು. “ಏನಂದ್ರಿ? ಝುಣಕಾ-ಅಂಬಲಿ?”

“ಹೂಂನ್ರಿ. ಹಿಟ್ಟು ಹೆಚ್ಚು ಕಡಿಮಿ, ಅಷ್ಟಲ್ಲೇನ್ರಿ?”

ಸುವರ್ಣಾ ನನ್ನ ಕಡೆ ನೋಡಿದಳು. “ಇವರು ಇದನ್ನ ಯಾವಾಗ ಹೇಳಿದ್ರು ನಿಮಗ?”

“ಹೋದ ವಾರ,” ಎಂದೆ, ನೆಲ ನೋಡುತ್ತಾ.

“ನೀವೇನಂದ್ರಿ?”

ಕಾಶೀಬಾಯಿ ದೊಡ್ಡ ಮನಸ್ಸಿನವರು. “ನಕ್ಕರ್ರಿ,” ಎಂದಷ್ಟೇ ಹೇಳಿದರು.

ಬುಧವಾರ ಬೆಳಗ್ಗೆ ನಮ್ಮ ಅಡುಗೆಮನೆಯಲ್ಲಿ ಚಂದ್ರ ಹುಟ್ಟಿದ. ಕಾಶೀಬಾಯಿ ಕಡಲೆಹಿಟ್ಟಿನ ಝುಣಕವನ್ನು ಬೆಳ್ಳುಳ್ಳಿ ಒಗ್ಗರಣೆ ಹಾಕಿ ಗಟ್ಟಿಯಾಗಿ ತಿರುವಿದರು. ಒಗ್ಗರಣೆ ಯಾಕೆ ಎಂದು ಕೇಳಿದ್ದಕ್ಕೆ, “ಸಪ್ಪನ ಝುಣಕ ಯಾರ ಮನ್ಯಾಗ ಮಾಡ್ತಾರ್ರಿ?” ಎಂದರು. ಸುವರ್ಣಾ ಜೋಳದ ಹಿಟ್ಟಿನ ಅಂಬಲಿ ಕಾಸಿದಳು. ನನಗೂ ಒಂದು ಜವಾಬ್ದಾರಿ ಸಿಕ್ಕಿತು: ಪಾತ್ರೆ ಹೊರುವುದು.

ತಿಕೋಟಾ ಬಸ್ಸಿನಲ್ಲಿ ಒಣದ್ರಾಕ್ಷಿ ಪೆಟ್ಟಿಗೆಗಳ ನಡುವೆ ಅಂಬಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಒಂದು ರಸ್ತೆಯುಬ್ಬು ಬಂತು. ತೆಳುವಾದ ಲಾವಾ ತಗ್ಗುಗಳನ್ನು ಹುಡುಕಿಕೊಂಡು ಹೇಗೆ ಹರಿಯುತ್ತದೆ ಎಂಬುದು ನನಗೆ ಆಗ ಸಂಪೂರ್ಣವಾಗಿ, ಮೊಣಕಾಲಿನಿಂದ ಬೂಟಿನ ತಳದ ತನಕ, ಅರ್ಥವಾಯಿತು.

ಉಳಿದ ಅಂಬಲಿ ಸಾಕಾಯಿತು. ಸುವರ್ಣಾ ಒಂದು ದೊಡ್ಡ ತಾಟಿನಲ್ಲಿ ಝುಣಕದ ಎರಡು ಗುಮ್ಮಟ ಕೂರಿಸಿದಳು. ಅಂಬಲಿಯನ್ನು ನಿರ್ಣಾಯಕರು ಬಂದಾಗ ಸುರಿಯುವುದೆಂದು ಇಟ್ಟುಕೊಂಡಳು. “ನಾ ಹೆಸರು ನೋಂದಾಯಿಸಿ ಬರ್ತೀನಿ. ಇಲ್ಲೇ ನಿಂದರ್ರಿ. ಯಾರೂ ಮುಟ್ಟಬಾರದು,” ಎಂದಳು.

ನಿಂತೆ. ಬೆಳಗಿನಿಂದ ಗಡಿಬಿಡಿಯಲ್ಲಿ ತಿಂಡಿ ತಿಂದಿರಲಿಲ್ಲ. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ನೇರವಾಗಿ ಮೂಗಿಗೆ. ಪಕ್ಕದ ಮೇಜಿನವರು ಬೇರೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಗಿಡ್ಡ ಗುಮ್ಮಟದ ಹಿಂಭಾಗ ಯಾರಿಗೂ ಕಾಣುವುದಿಲ್ಲ ಎಂದು ಚಿವುಟಿದೆ. ಒಂದು ಕಡೆ ಚಿವುಟಿದ ಮೇಲೆ ವಾಲಿದಂತೆ ಕಂಡಿತು, ಸರಿದೂಗಿಸಲು ಇನ್ನೊಂದು ಕಡೆಯೂ ಚಿವುಟಿದೆ. ಕಡೆಗೆ ನೆತ್ತಿಯಲ್ಲೂ ಸ್ವಲ್ಪ. ನ್ಯಾಯ ಎಲ್ಲ ದಿಕ್ಕಿಗೂ ಒಂದೇ ಇರಬೇಕು!

ನಿರ್ಣಾಯಕರಲ್ಲಿ ಹಿರಿಯರೊಬ್ಬರು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದವರು. ಸುವರ್ಣಾ ಅವರ ಮುಂದೆ ಅಂಬಲಿ ಸುರಿದಳು. ಅದು ತಾಟಿನ ತುಂಬ ಹರಡಿ, ಗುಮ್ಮಟಗಳ ಬುಡ ಸುತ್ತಿ, ಕನ್ನಡಿಯಂತೆ ಸಪಾಟಾಗಿ ನಿಂತಿತು. “ಎರಡೂ ಹಿಟ್ಟು ಮತ್ತು ನೀರೇ ಸರ್. ಇಲ್ಲಿ ಹಿಟ್ಟು ಎಂದರೆ ಸಿಲಿಕಾ ಎಂದುಕೊಳ್ಳಿ. ಕಡಿಮೆಯಿದ್ದರೆ ಹರಿಯುತ್ತದೆ, ಹೆಚ್ಚಿದ್ದರೆ ಉಬ್ಬಿ ಕೂರುತ್ತದೆ. ನಮ್ಮ ಹುಡುಗಿಯರು ಇದನ್ನು ದಿನಾ ಒಲೆಯ ಮೇಲೆ ನೋಡುತ್ತಾರೆ,” ಎಂದಳು.

ಹಿರಿಯರು ಬಗ್ಗಿ ನೋಡಿದರು. “ಒಂದರ ನೆತ್ತಿ ತಗ್ಗಾಗೇತಿ, ಮೈ ಒರಟಾಗೇತಿ. ಭಾಳ ಸಹಜ ಬಂದೈತಿ. ಹ್ಯಾಂಗ ಮಾಡಿದ್ರಿ?”

ಸುವರ್ಣಾ ಗುಮ್ಮಟ ನೋಡಿದಳು. ಆಮೇಲೆ ನನ್ನ ಮೀಸೆ ನೋಡಿದಳು. ಮೀಸೆಯಲ್ಲಿ ಝುಣಕವಿತ್ತು. “ಅದು... ನಮ್ಮ ಮನೆಯವರ ಕೈಕೆಲಸ ಸರ್,” ಎಂದಳು.

ಆಗ ಆ ಹಿರಿಯರು ನಾನು ಹೆದರಿದ್ದ ಪ್ರಶ್ನೆ ಕೇಳಿದರು. “ಎಲ್ಲಾ ಖರೆ ಬಾಯಾರ. ಆದ್ರ ಇಂಥಾ ದಪ್ಪ ಲಾವಾ ಆಗಬೇಕಾದ್ರ ನೀರು ಬೇಕಲ್ಲಾ? ನೀರು ಎಲ್ಲಿಂದ ಬಂತು?”

ಸುವರ್ಣಾ ಅಂಬಲಿಯ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು. ಅವಳು ತಡವರಿಸುತ್ತಿದ್ದಾಳೆ, ಮಾನ ಹೋಗುತ್ತದೆ, ಈಗ ನಾನೇ ಕಾಪಾಡಬೇಕು ಎಂದು ಹಿಂದಿನಿಂದ ಕೂಗಿದೆ:

“ನಮ್ಮ ನಳದ್ದs ಸರ್! ನಾಕು ಲೋಟ ಹಾಕೀವ್ರಿ!”

ಇಡೀ ಸಭಾಂಗಣ ನಕ್ಕಿತು. ರೊಟ್ಟಿ ತಿನ್ನುತ್ತಿದ್ದವರಿಗೆ ನೆತ್ತಿಗೇರಿತು. ನಗು ಇಳಿದ ಮೇಲೆ ಸುವರ್ಣಾ ಮೆಲ್ಲಗೆ ಹೇಳಿದಳು: “ಚಂದ್ರನಲ್ಲಿ ಅದು ಹೇಗಾಯಿತೆಂದು ನನಗೆ ಗೊತ್ತಿಲ್ಲ ಸರ್. ಹಳೆಯ ಕಲ್ಲೇ ಮತ್ತೆ ಕಾದು ಕರಗಿರಬಹುದು ಎನ್ನುತ್ತಾರೆ. ಖಚಿತವಾಗಿ ಯಾರಿಗೂ ಇನ್ನೂ ಗೊತ್ತಿಲ್ಲ. ಅಲ್ಲಿಗೆ ಹೋಗಿ ಕಲ್ಲು ಮುಟ್ಟಿ ನೋಡಬೇಕು. ನಾನು ಮಕ್ಕಳಿಗೆ ಹೇಳಬೇಕೆಂದಿರುವುದೂ ಅದನ್ನೇ. ಅವರಲ್ಲೇ ಯಾರಾದರೂ ಹುಡುಕಲಿ.”

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. “ಈ ಮಾತಿಗೆ ನಾ ಕಾಯಾಕತ್ತಿದ್ದೆ,” ಎಂದರು.

ಮೊದಲನೇ ಬಹುಮಾನ! ಅದೂ ಡಬ್ಬಿಯೇ. ಆದರೆ ದೊಡ್ಡದು, ಮುಚ್ಚಳದ ಮೇಲೆ ಹಿಡಿಕೆ ಬೇರೆ. ಸುವರ್ಣಾ ಅದನ್ನು ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಾಚೆ ನೋಡಿ ಒಬ್ಬಳೇ ನಗುತ್ತಿದ್ದಳು. ಅವಳು ಹಾಗೆ ನಗುವುದನ್ನು ನೋಡಿ ಬಹಳ ದಿನವಾಗಿತ್ತು. ಜಿಲ್ಲಾ ಮಟ್ಟಕ್ಕೆ ಕಳಿಸುವ ಪತ್ರದಲ್ಲಿ, ‘ಮಾದರಿ ತಯಾರಿಕೆಗೆ ನೆರವು’ ಎಂಬಲ್ಲಿ, ಅವಳು ‘ಕಾಶೀಬಾಯಿ’ ಎಂದು ಬರೆದಿದ್ದಳು.

“ನನ್ನ ಹೆಸರು?” ಎಂದು ಕೇಳಿದೆ.

“ಹಾಕೂಣ್ರಿ. ಏನ್ ಮಾಡಿದ್ರು ಅಂತ ಬರೀಲಿ, ನೀವs ಹೇಳ್ರಿ.”

ವಿಜಯಪುರ ಬರುವ ತನಕ ಯೋಚಿಸಿದೆ. ಏನೂ ಹೊಳೆಯಲಿಲ್ಲ.

ಉಳಿದದ್ದು ಅತ್ತೆಯ ಮಣೆ. ಗುರುವಾರದಿಂದ ಮಳೆ ಹಿಡಿಯಿತು. ಎರಡು ಮಳೆಗೆ ಮಣ್ಣು ಕರಗಿ ಹೋಗುತ್ತದೆ, ಮಣೆ ತೊಳೆದು ತಂದರಾಯಿತು ಎಂದು ಕಾದೆ. ಒಂದು ವಾರ ಬಿಟ್ಟು ಬೇವಿನ ಮರದಡಿ ಹೋದೆ. ಓಣಿಯವರು ಅಲ್ಲಿ ಆಗಲೇ ಎರಡನೇ ಗುಳ್ಳವ್ವನನ್ನು ಬಿಟ್ಟು ಬಂದಿದ್ದರು. ಅವಳು ಅರ್ಧ ಕರಗಿದ್ದಳು. ನನ್ನ ಅಕ್ಕ-ತಂಗಿ ಮಾತ್ರ ಹೇಗೆ ಕೂರಿಸಿದ್ದೆನೋ ಹಾಗೇ ಕೂತಿದ್ದರು. ಸಿಮೆಂಟಿಗೆ ಮಳೆನೀರು ಕುಡಿಸಿದಂತಾಗಿ ಮತ್ತಷ್ಟು ಗಟ್ಟಿಯಾಗಿದ್ದರು. ಚಂದ್ರನ ಗುಮ್ಮಟಗಳು ಕೋಟಿಗಟ್ಟಲೆ ವರ್ಷಗಳಿಂದ ಕರಗಿಲ್ಲ, ಯಾಕೆಂದರೆ ಅಲ್ಲಿ ಮಳೆಯಿಲ್ಲ. ನನ್ನವು ಮಳೆಯಲ್ಲೇ ಬೆಳೆಯುವ ಜಾತಿ! ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿಮಾಡಿಕೊಂಡು, ಎರಡೂ ಕೈಗಳಿಂದ ಮಣೆಯನ್ನು ಎಳೆದೆ. ಮಣೆ, ಗುಮ್ಮಟ, ನೆಲ ಮೂರೂ ಸೇರಿ ಒಂದೇ ವಸ್ತುವಾಗಿದ್ದವು.

“ಏನ್ ಹಾಕಿ ಮಾಡೀರಿ ಅಣ್ಣಾರ?” ಹಿಂದಿನಿಂದ ಕಾಶೀಬಾಯಿಯ ದನಿ ಬಂತು. ಕೈಯಲ್ಲಿ ಹೂವಿನ ಬುಟ್ಟಿ. “ನನ್ನ ಜೀವಮಾನದಾಗ ಕರಗಲಾರದ ಗುಳ್ಳವ್ವನ್ನ ನೋಡಿದ್ದಿಲ್ರಿ. ಮಂದಿ ಭಾಳ ಜಾಗೃತ ದೇವರು ಅನ್ನಾಕತ್ತಾರ. ಆಚೀ ಲೇಔಟಿನವರೂ ಬರ್ತಾರ ಈಗ.”

ಸಿಮೆಂಟ್ ಎಂದು ಹೇಳಲು ಬಾಯಿ ತೆರೆದೆ. ಅವರು ಭಕ್ತಿಯಿಂದ ಹೂವು ಏರಿಸುತ್ತಿದ್ದರು. ಬಾಯಿ ಮುಚ್ಚಿದೆ. ಬಗ್ಗಿದವನು ಹೇಗೂ ಬಗ್ಗಿದ್ದೆ, ಮಣೆ ಎಳೆಯುತ್ತಿದ್ದ ಕೈಗಳನ್ನು ಹಾಗೇ ಜೋಡಿಸಿದೆ.

“ಬೇಡಿಕೋರ್ರಿ, ಕೊಡ್ತಾಳ,” ಎಂದರು ಕಾಶೀಬಾಯಿ.

“ಮಣಿ ಒಂದು ಕೊಡವ್ವಾ, ಸಾಕು,” ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇನ್ನೂ ಕೊಟ್ಟಿಲ್ಲ. ಇಡೀ ಜೀವನದಲ್ಲಿ ನಾನು ಕೈಯಾರೆ ಮಾಡಿದ ವಸ್ತುಗಳಲ್ಲಿ ಮುರಿಯದೆ, ಒಡೆಯದೆ ನಿಂತದ್ದು ಅದೊಂದೇ. ಆಗಾಗ ಹೋಗಿ ಕೈಮುಗಿದು ಬರುತ್ತೇನೆ. ಊಟಕ್ಕೆ ಮಾತ್ರ ಈಗ ನೆಲದ ಮೇಲೆ ಕೂರುತ್ತೇನೆ.